ಬೀಜೋಕ್ತಿಯ ಬೆಲೆ ಕಂಡುಹಿಡಿಯುವಾಗ ಮೊದಲು ಆವರಣ, ಆಮೇಲೆ ಲೆಕ್ಕ

ಬೀಜೋಕ್ತಿಗೆ (ಅಕ್ಷರ, ಸಂಖ್ಯೆ ಸೇರಿದ ಉಕ್ತಿಗೆ) ಬೆಲೆ ಆದೇಶಿಸುವಾಗ, ಅಂದರೆ ಅಕ್ಷರದ ಜಾಗದಲ್ಲಿ ಸಂಖ್ಯೆ ಹಾಕುವಾಗ, ಲೆಕ್ಕ ತಪ್ಪುವುದು ಹೆಚ್ಚಾಗಿ ಕೂಡುವಾಗ, ಕಳೆಯುವಾಗ ಅಲ್ಲ. ಅಕ್ಷರ ತೆಗೆದು ಸಂಖ್ಯೆ ಬರೆಯುವ ಆ ಒಂದು ಸಾಲಿನಲ್ಲಿ. ಅದಕ್ಕೇ ಚರಾಕ್ಷರ ಇದ್ದ ಕಡೆಯಲ್ಲೆಲ್ಲ ಮೊದಲು ಖಾಲಿ ಆವರಣ ಹಾಕಿ, ಬೆಲೆಯನ್ನು ಆಮೇಲೆ ತುಂಬಿ.

ಅ = −2, ಬ = 5 ಆದರೆ 3ಅ² − 2ಅಬ + ಬ ಎಷ್ಟು?

3( )² − 2( )( ) + ( )
3(−2)² − 2(−2)(5) + (5)

ಈ ಸಾಲು ಪೂರ್ತಿ ಆಗುವ ತನಕ ಏನನ್ನೂ ಗುಣಿಸಬೇಡಿ. ನಂತರ ಘಾತ: (−2)² = 4. ಆಮೇಲೆ ಗುಣಾಕಾರ: 3 × 4 = 12, −2 × −2 × 5 = 20. ಕೊನೆಗೆ 12 + 20 + 5 = 37.

ಬೇರೆ ಉತ್ತರ ಬಂದಿದ್ದರೆ ಎಡವಿದ್ದು ಎಲ್ಲಿ ಎಂದು ಆ ಉತ್ತರವೇ ಹೇಳುತ್ತದೆ. 61 ಬಂದರೆ 3ನ್ನೂ ಸೇರಿಸಿ ವರ್ಗ ಮಾಡಿದ್ದೀರಿ. ಘಾತ ಅಂಟಿಕೊಂಡಿರುವುದು ಅ-ಗೆ ಮಾತ್ರ. 13 ಬಂದರೆ ಆವರಣ ಬಿಟ್ಟು −2² ಎಂದು ಬರೆದು −4 ಮಾಡಿದ್ದೀರಿ. −3 ಬಂದರೆ ನಡುವಿನ ಪದದಲ್ಲಿ ಒಂದು ಋಣ ಚಿಹ್ನೆ ಕಳೆದುಹೋಗಿದೆ.

ಈ ವರ್ಗದ ವಿಷಯದಲ್ಲಿ ಯಂತ್ರಗಳಲ್ಲೂ ಒಮ್ಮತವಿಲ್ಲ. ಎಕ್ಸೆಲ್‌ನಲ್ಲಿ =-3^2 ಬರೆದರೆ 9, ಪೈಥಾನ್‌ನಲ್ಲಿ -3**2 ಬರೆದರೆ −9. ಗಣಿತದ ರೂಢಿಯಲ್ಲಿ −3² ಎಂದರೆ −9. ಆವರಣ ಹಾಕಿದರೆ ಎರಡೂ ಕಡೆ ಒಂದೇ ಉತ್ತರ.

ಭಿನ್ನರಾಶಿಯಾದರೆ ಅಂಶ, ಛೇದಗಳನ್ನು ಬೇರೆ ಬೇರೆಯಾಗಿ ಮುಗಿಸಿ, ಆಮೇಲೆ ಭಾಗಿಸಿ. (ಅ + 6)/(ಅ − 4) ಇದರಲ್ಲಿ ಅ = 4 ಹಾಕಿದರೆ ಛೇದ ಸೊನ್ನೆಯಾಗುತ್ತದೆ; ಆಗ ಬೆಲೆಯೇ ಇಲ್ಲ, ಉತ್ತರ 0 ಎಂದು ಬರೆಯಬೇಡಿ.

ಉಕ್ತಿ ಉದ್ದವಿದ್ದರೆ ಮೊದಲು ಸಂಕ್ಷೇಪಿಸಿಕೊಳ್ಳುವುದು ಲೇಸು. 5ಅ − 2(ಅ − 4) ಎಂಬುದು 3ಅ + 8 ಆಗುತ್ತದೆ. ಸಂಕ್ಷೇಪಿಸಿದ್ದು ಸರಿಯೇ ಎಂದು ನೋಡಲು ಎರಡಕ್ಕೂ ಅ = −2 ಹಾಕಿ: −10 + 12 = 2, −6 + 8 = 2. ಹೀಗೆ ತಾಳೆ ನೋಡಲು 0 ಅಥವಾ 1 ಆರಿಸಿಕೊಳ್ಳಬೇಡಿ. ಅ² ಮತ್ತು ಅ ಬೇರೆ ಬೇರೆ ಉಕ್ತಿಗಳಾದರೂ ಆ ಎರಡು ಬೆಲೆಗಳಿಗೆ ಒಂದೇ ಉತ್ತರ ಕೊಡುತ್ತವೆ; 2 ಹಾಕಿದರೆ ಅ² ಮತ್ತು 2ಅ ಕೂಡ ಹಾಗೆಯೇ. −3 ಹಾಕಿದರೆ ಈ ಮೂರೂ ಬೇರೆಯಾಗಿ ನಿಲ್ಲುತ್ತವೆ: 9, −3, −6.