ಟ್ರ್ಯಾಕ್ಟರ್ ಹೀಟ್ ಆಗ್ತಿದ್ರೆ ರೇಡಿಯೇಟರ್ ಒಂದೇ ಅಲ್ಲ, ಬ್ಲಾಕ್ ಕೂಡ ತೊಳೆಯಿರಿ

ಕಲಬುರಗಿ ಜಿಲ್ಲೆಯ ಶಹಾಬಾದ್, ಸೇಡಂ, ಚಿತ್ತಾಪುರ ಕಡೆ ನೆಲದಡಿ ಸುಣ್ಣದ ಕಲ್ಲು. ಬೋರ್ ನೀರು ಗಡಸು. ಅದೇ ನೀರನ್ನು ವರ್ಷಗಟ್ಟಲೆ ಹಾಕಿದರೆ ಹಂಡೆಯೊಳಗೆ ಕೂರುವ ಬಿಳಿ ಪದರವೇ ಇಂಜಿನ್ ಒಳಗೂ ಕೂರುತ್ತದೆ, ಬೀಡು ಕಬ್ಬಿಣದ ಬ್ಲಾಕಿನ, ಅಂದರೆ ಸಿಲಿಂಡರ್ ಇರುವ ಇಂಜಿನ್ ಮೈಯ, ತುಕ್ಕೂ ಅದಕ್ಕೆ ಸೇರಿಕೊಳ್ಳುತ್ತದೆ. ಬಹಳ ಜನ ರೇಡಿಯೇಟರ್ ಮಾತ್ರ ಬಿಚ್ಚಿ ತೊಳೆಸುತ್ತಾರೆ. ಮತ್ತೆ ಹೀಟ್! ಕೆಸರು ಜಾಸ್ತಿ ಇರುವುದು ಬ್ಲಾಕಿನ ತಳದಲ್ಲಿ, ಸಿಲಿಂಡರ್ ಸುತ್ತ.

ಮೊದಲು ಹೊರಗೆ ನೋಡಿ. ತೊಗರಿ ರಾಶಿ ಮಾಡಿದ ಮೇಲೆ ರೇಡಿಯೇಟರ್ ಜಾಲಿಯಲ್ಲಿ ಹೊಟ್ಟು ತುಂಬಿರುತ್ತದೆ. ಇಂಜಿನ್ ಕಡೆಯಿಂದ ಮುಂದಕ್ಕೆ ಗಾಳಿ ಹೊಡೆಯಿರಿ. ಫ್ಯಾನ್ ಬೆಲ್ಟ್ ಸಡಿಲ ಇದೆಯಾ ನೋಡಿ.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಕ್ಯಾಪ್ ತೆಗೆಯಿರಿ. ರೇಡಿಯೇಟರ್ ಕೆಳಗಿನ ಪ್ಲಗ್ ಬಿಚ್ಚಿ, ಬ್ಲಾಕಿನ ಪಕ್ಕದ ಪ್ಲಗ್ಗನ್ನೂ ಬಿಚ್ಚಿ. ಈ ಎರಡನೆಯದನ್ನೇ ಎಲ್ಲರೂ ಬಿಡುವುದು. ಬಿಚ್ಚಿದರೂ ನೀರು ಬರಲಿಲ್ಲ ಅಂದರೆ ತೂತು ಕಟ್ಟಿದೆ ಅಂತ ಅರ್ಥ, ತಂತಿ ಹಾಕಿ ಕೆದಕಿ, ಕೆಂಪು ಕೆಸರು ಬರುವವರೆಗೆ ಬಿಡಬೇಡಿ.

ಥರ್ಮೋಸ್ಟಾಟ್, ಅಂದರೆ ಇಂಜಿನ್ ಕಾದ ಮೇಲೆ ಬಾಯಿ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್, ತೆಗೆದಿಟ್ಟು, ಪ್ಲಗ್ ಹಾಕಿ, 10 ಲೀಟರ್ ನೀರಿಗೆ ಅರ್ಧ ಕೆಜಿ ಸಿಟ್ರಿಕ್ ಆಸಿಡ್, ಅಂದರೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಕರಗಿಸಿ ತುಂಬಿ. ಇಂಜಿನ್ ಚಾಲೂ ಮಾಡಿ. ರೇಡಿಯೇಟರ್ ಮುಂದೆ ರಟ್ಟು ಅಡ್ಡ ಇಟ್ಟರೆ ಬೇಗ ಕಾಯುತ್ತದೆ, ಆದರೆ ಮೀಟರ್ ಮೇಲೆ ಕಣ್ಣಿರಲಿ. ಬಿಸಿಯಾದ ಮೇಲೆ ಅರ್ಧ ಗಂಟೆ ಓಡಿದರೆ ಸಾಕು. ಆರಿಸಿ, ತಣ್ಣಗಾಗಲು ಬಿಟ್ಟು ಹರಿಸಿ. ರಾತ್ರಿಯಿಡೀ ಒಳಗೆ ಬಿಡಬೇಡಿ. ಟಾಯ್ಲೆಟ್ ತೊಳೆಯುವ ಆಸಿಡ್ ಅಂತೂ ಬೇಡವೇ ಬೇಡ, ಅದು ಬೆಸುಗೆ, ಅಲ್ಯೂಮಿನಿಯಂ ಎಲ್ಲ ತಿನ್ನುತ್ತದೆ.

ಈಗ ರೇಡಿಯೇಟರಿನ ಮೇಲಿನ, ಕೆಳಗಿನ ಎರಡೂ ಹೋಸ್ ಬಿಚ್ಚಿ, ನೀರನ್ನು ಉಲ್ಟಾ ಬಿಡಿ. ರೇಡಿಯೇಟರಿಗೆ ಕೆಳಗಿನಿಂದ, ಬ್ಲಾಕಿಗೆ ಮೇಲಿನಿಂದ. ತಿಳಿ ನೀರು ಬರಬೇಕು. ಆಮೇಲೆ ಹೋಸ್ ಹಾಕಿ, ಎರಡು ಮುಷ್ಟಿ ಅಡುಗೆ ಸೋಡಾ ಕರಗಿಸಿದ ನೀರು ತುಂಬಿ, ಐದು ನಿಮಿಷ ಇಂಜಿನ್ ಓಡಿಸಿ, ತಣ್ಣಗಾದ ಮೇಲೆ ಹರಿಸಿ. ಉಳಿದ ಹುಳಿ ಸಾಯುತ್ತದೆ. ಮತ್ತೆ ಬರೀ ನೀರಲ್ಲಿ ತೊಳೆಯಿರಿ.

ಥರ್ಮೋಸ್ಟಾಟನ್ನು ಕುದಿಯುವ ನೀರಿಗೆ ಹಾಕಿ, ಬಾಯಿ ತೆರೆಯದಿದ್ದರೆ ಹೊಸದು ತನ್ನಿ. ಇಲ್ಲಿ ಬಿಸಿಲು ಮೇ ತಿಂಗಳಲ್ಲಿ 42 ಡಿಗ್ರಿ ದಾಟುತ್ತದೆ, ಅದಕ್ಕೇ ಅದನ್ನು ಕಿತ್ತೇ ಓಡಿಸುವವರಿದ್ದಾರೆ. ಹಾಗೆ ಮಾಡಬೇಡಿ. ಇಂಜಿನ್ ಸರಿಯಾದ ಬಿಸಿಗೆ ಬರುವುದಿಲ್ಲ, ಡೀಸೆಲ್ ಜಾಸ್ತಿ ಕುಡಿಯುತ್ತದೆ.

ಕೊನೆಗೆ ಕೂಲಂಟ್ ಅರ್ಧ, ಡಿಸ್ಟಿಲ್ಡ್ ನೀರು ಅರ್ಧ. ಬೋರ್ ನೀರು ಹಾಕಿದರೆ ಇಷ್ಟೆಲ್ಲ ಕಷ್ಟಪಟ್ಟದ್ದು ವ್ಯರ್ಥ. ಕೂಲಂಟ್ ಸಿಹಿ ಇರುತ್ತದೆ, ವಿಷ ಕೂಡ, ದನ ನಾಯಿಗಳ ಬಾಯಿಗೆ ಸಿಗದಂತೆ ಇಡಿ.

ಮೊದಲ ದಿನ ಉಳುಮೆ ಮಾಡಿ ಬಂದು ಹೋಸ್, ಕ್ಲಿಪ್, ರೇಡಿಯೇಟರ್ ತಳ ಮುಟ್ಟಿ ನೋಡಿ. ತೂತುಗಳನ್ನು ಇಷ್ಟು ದಿನ ಸುಣ್ಣವೇ ಮುಚ್ಚಿರಬಹುದು. ಸೋರಿದರೆ ಅರಿಶಿನ ಪುಡಿ ಸುರಿಯಬೇಡಿ, ಅದು ಹೋಗಿ ಮತ್ತೆ ಸಣ್ಣ ಕೊಳವೆ ಕಟ್ಟುತ್ತದೆ. ಬೆಸುಗೆ ಹಾಕಿಸಿ.