ಕ್ಷಯದ ಆರು ತಿಂಗಳ ಗುಳಿಗೆ: ಕೆಲಸ ಮಾಡುವ ಬಗೆ, ನುಂಗುವ ಕ್ರಮ

ಕೆಮ್ಮು ಇಳಿದು, ಜ್ವರ ಬಿಟ್ಟು, ಜೋಳದ ರೊಟ್ಟಿ ಮತ್ತೆ ರುಚಿಸತೊಡಗಿದಾಗಲೇ ಕ್ಷಯದ ಗುಳಿಗೆಗಳನ್ನು ನಿಲ್ಲಿಸಿಬಿಡುವ ಮನಸ್ಸಾಗುತ್ತದೆ. ರಾಯಚೂರು, ಕೊಪ್ಪಳದ ಕಡೆ ಆ ಹೊತ್ತಿಗೇ ಗುಳೆ ಹೋಗುವ ಕಾಲವೂ ಬಂದರೆ ಕೇಳಬೇಕಾದ್ದೇ ಇಲ್ಲ. ಎರಡನೇ ತಿಂಗಳಲ್ಲೇ ಆರಾಮವಾದವರು ಆರು ತಿಂಗಳು ಏಕೆ ನುಂಗಬೇಕೆಂಬುದು ತಿಳಿಯಲು ರೋಗಾಣುವಿನ ಸ್ವಭಾವವನ್ನು ಮೊದಲು ನೋಡಬೇಕು.

ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಕ್ಷಯದ ರೋಗಾಣುವಿಗೆ ಅದಕ್ಕೇ ಸುಮಾರು ಒಂದು ದಿನ ಬೇಕು. ಅದರ ಮೈಮೇಲೆ ಮೇಣದಂಥ ದಪ್ಪ ಹೊದಿಕೆಯಿದೆ. ಕ್ಷಯಕ್ಕೆ ಕೊಡುವ ನಾಲ್ಕು ಔಷಧಿಗಳಲ್ಲಿ ಒಂದಾದ ಐಸೋನಿಯಾಜಿಡ್ ಈ ಮೇಣ ತಯಾರಾಗದಂತೆ ತಡೆಯುತ್ತದೆ. ವಿಚಿತ್ರವೆಂದರೆ, ಈ ಔಷಧಿಯನ್ನು ವಿಷವಾಗಿ ಮಾರ್ಪಡಿಸಿಕೊಳ್ಳುವುದು ರೋಗಾಣುವಿನದೇ ಒಂದು ಕಿಣ್ವ. ಎಥಾಂಬ್ಯುಟಾಲ್ ಹೊದಿಕೆಯ ಇನ್ನೊಂದು ಪದರವನ್ನು ಕೆಡಿಸುತ್ತದೆ. ಆದರೆ ಗೋಡೆ ಕಟ್ಟುವುದನ್ನೇ ನಿಲ್ಲಿಸಿ ಮಲಗಿರುವ ರೋಗಾಣುವಿಗೆ ಇವುಗಳಿಂದ ಹೆಚ್ಚು ಪೆಟ್ಟಾಗುವುದಿಲ್ಲ. ಆಮ್ಲೀಯ ಜಾಗಗಳಲ್ಲಿ ಅಡಗಿದವನ್ನು ಪೈರಜಿನಮೈಡ್ ಹುಡುಕುತ್ತದೆ. ನಡುನಡುವೆ ಅಷ್ಟಿಷ್ಟು ಎಚ್ಚರಗೊಳ್ಳುವವನ್ನು ರಿಫಾಂಪಿಸಿನ್, ಪ್ರೋಟೀನ್ ಕಟ್ಟಲು ಅವುಗಳಿಗೆ ಬೇಕಾದ ಆರ್‌ಎನ್‌ಎ ತಯಾರಿಕೆಯನ್ನೇ ನಿಲ್ಲಿಸಿ, ಕೊಲ್ಲುತ್ತದೆ. ಆರು ತಿಂಗಳು ಬೇಕಾಗುವುದು ಮುಖ್ಯವಾಗಿ ಈ ಮಲಗಿರುವವುಗಳಿಗಾಗಿ.

ಒಂದೇ ಔಷಧಿ ಸಾಲದು. ಸುಮಾರು 10 ಲಕ್ಷದಲ್ಲಿ ಒಂದು ರೋಗಾಣು ಹುಟ್ಟಿನಿಂದಲೇ ಐಸೋನಿಯಾಜಿಡ್‌ಗೆ ಬಗ್ಗುವುದಿಲ್ಲ. ಹೊಂಡ ಬಿದ್ದ ಶ್ವಾಸಕೋಶದಲ್ಲಿ ರೋಗಾಣುಗಳು ಕೋಟಿಗಟ್ಟಲೆ ಇರಬಹುದು. ಆದ್ದರಿಂದ, ಔಷಧಿಗೆ ಬಗ್ಗುವ ಕ್ಷಯದಲ್ಲಿ ಮೊದಲ 2 ತಿಂಗಳು ನಾಲ್ಕೂ ಔಷಧಿಗಳನ್ನು, ಮುಂದಿನ 4 ತಿಂಗಳು ಪೈರಜಿನಮೈಡ್ ಬಿಟ್ಟು ಉಳಿದ ಮೂರನ್ನು ದಿನವೂ ಕೊಡುತ್ತಾರೆ.

ಗುಳಿಗೆಗಳ ಸಂಖ್ಯೆ ದೇಹದ ತೂಕದ ಮೇಲೆ ನಿಗದಿಯಾಗುವುದರಿಂದ ಪಕ್ಕದ ಮನೆಯವರ ಲೆಕ್ಕವನ್ನು ಅನುಸರಿಸಬಾರದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಎಲ್ಲವನ್ನೂ ಒಟ್ಟಿಗೆ ನುಂಗುವುದು ಉತ್ತಮ. ವಾಕರಿಕೆ ಬಂದರೆ ವೈದ್ಯರನ್ನು ಕೇಳಿ ಸ್ವಲ್ಪ ತಿಂದ ಮೇಲೆ ತೆಗೆದುಕೊಳ್ಳಬಹುದು. ಒಂದು ದಿನ ತಪ್ಪಿದರೆ ಮರುದಿನ ಎರಡು ದಿನದ್ದನ್ನು ಸೇರಿಸಿ ನುಂಗದೆ ಆಶಾ ಕಾರ್ಯಕರ್ತೆಗೆ ತಿಳಿಸಬೇಕು. ಮೂತ್ರ ಕೇಸರಿ ಬಣ್ಣಕ್ಕೆ ತಿರುಗುವುದು ರಿಫಾಂಪಿಸಿನ್‌ನಿಂದ; ಅದಕ್ಕೆ ಹೆದರಬೇಕಿಲ್ಲ. ಆದರೆ ಕಣ್ಣು ಹಳದಿಯಾದರೆ ಅಥವಾ ದೃಷ್ಟಿ ಮಂಜಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮದ್ಯವನ್ನು ಬಿಡಬೇಕು, ಏಕೆಂದರೆ ಈ ಗುಳಿಗೆಗಳು ಪಿತ್ತಜನಕಾಂಗಕ್ಕೆ ಮೊದಲೇ ಭಾರ. ಗರ್ಭನಿರೋಧಕ ಗುಳಿಗೆ ನುಂಗುವ ಹೆಣ್ಣುಮಕ್ಕಳು ಅದನ್ನೂ ವೈದ್ಯರಿಗೆ ಹೇಳಬೇಕು. ರಿಫಾಂಪಿಸಿನ್ ಅದರ ಪರಿಣಾಮವನ್ನು ಕುಗ್ಗಿಸುತ್ತದೆ.

ಗುಳೆ ಹೊರಡುವವರು ಹೋಗುವ ಊರಿನ ಹೆಸರನ್ನು ಮುಂಚಿತವಾಗಿ ಆರೋಗ್ಯ ಕೇಂದ್ರದಲ್ಲಿ ಹೇಳಿ, ನಿಕ್ಷಯ್ ಐಡಿ (ಸರ್ಕಾರದ ಕ್ಷಯರೋಗಿಗಳ ನೋಂದಣಿ ಸಂಖ್ಯೆ) ಬರೆಸಿಕೊಂಡು, ದಾರಿಗೆ ಬೇಕಾದಷ್ಟು ಗುಳಿಗೆ ಪಡೆಯಬೇಕು. ಆ ಸಂಖ್ಯೆಯನ್ನು ತೋರಿಸಿದರೆ ಬೆಂಗಳೂರಿನ ಸರ್ಕಾರಿ ಆಸ್ಪತ್ರೆಯಲ್ಲೂ ಚಿಕಿತ್ಸೆಯನ್ನು ಉಚಿತವಾಗಿ ಮುಂದುವರಿಸಬಹುದು.