ಅಲವಿಗಳು ಯಾರು? ಒಂದು ಬಾಕ್ಸ್ ಐಟಂ ಬರೆಯಲು ನಾಲ್ಕು ತಿಂಗಳು ಹಿಡಿಯಿತು

2024ರ ಡಿಸೆಂಬರ್ 8, ಭಾನುವಾರ. ವಿದೇಶ ಪುಟಕ್ಕೆ ಅವತ್ತು ನಾನೊಬ್ಬನೇ. ಸಿರಿಯಾದ ರಾಜಧಾನಿ ಡಮಾಸ್ಕಸ್ ಬಂಡುಕೋರರ ಕೈಸೇರಿತ್ತು. ಅಧ್ಯಕ್ಷ ಬಷರ್ ಅಲ್ ಅಸಾದ್ ವಿಮಾನ ಹತ್ತಿ ಪರಾರಿಯಾಗಿದ್ದ. ಮುಖಪುಟದ ಸುದ್ದಿ ಮುಗಿಸಿ ಟೀ ಕುಡಿಯೋಣ ಅಂತ ಏಳುವಷ್ಟರಲ್ಲಿ ಸುದ್ದಿ ಸಂಪಾದಕರು ಬಂದರು. 'ಈ ಅಸಾದ್ ಮನೆಯವರು ಅಲವೈಟ್ ಅಂತಾರಲ್ಲ, ಅದೇನು ಅಂತ ಒಂದು ಬಾಕ್ಸ್ ಮಾಡಿಬಿಡಿ. ಇನ್ನೂರೈವತ್ತು ಪದ ಸಾಕು. ಒಂಬತ್ತಕ್ಕೆ ಪೇಜ್ ಬಿಡಬೇಕು' ಅಂದರು.

ಬಾಕ್ಸ್ ಅಂದರೆ ಸುದ್ದಿಯ ಪಕ್ಕದ ಚೌಕದಲ್ಲಿ ಬರುವ ಪುಟ್ಟ ವಿವರಣೆ. ಅಲವೈಟ್ ಅನ್ನುವುದು ಅಲವಿಯ ಇಂಗ್ಲಿಷ್ ರೂಪ. ಇನ್ನೂರೈವತ್ತು ಪದ ಅಂದರೆ ಅರ್ಧ ಗಂಟೆಯ ಕೆಲಸ. ಸುದ್ದಿ ಏಜೆನ್ಸಿಗಳ ಕಾಪಿ ತೆಗೆದು ನೋಡಿದೆ. ಎಲ್ಲದರಲ್ಲೂ ಒಂದೇ ಸಾಲು, ಶಿಯಾ ಇಸ್ಲಾಮಿನ ಕವಲು. ನಾನೂ ಅದನ್ನೇ ಕನ್ನಡಕ್ಕೆ ಇಳಿಸಿದೆ. 'ಅಲವೈಟರು ಶಿಯಾ ಮುಸ್ಲಿಮರ ಒಂದು ಉಪಪಂಗಡ. ಸಿರಿಯಾದ ಜನಸಂಖ್ಯೆಯಲ್ಲಿ ಶೇ 10ರಿಂದ 12ರಷ್ಟಿದ್ದಾರೆ. ಪ್ರವಾದಿ ಮುಹಮ್ಮದರ ಅಳಿಯ ಅಲಿಯನ್ನು ದೇವರೆಂದು ಪೂಜಿಸುತ್ತಾರೆ.' ಜೊತೆಗೆ ಒಂದು ಫೋಟೊ ಹುಡುಕಿ ಹಾಕಿದೆ. ಗಂಡಸರು ಹೆಂಗಸರು ಒಟ್ಟಿಗೆ ವೃತ್ತದಲ್ಲಿ ತಿರುಗುತ್ತಿದ್ದಾರೆ, ಪಕ್ಕದಲ್ಲಿ ಒಬ್ಬರು ತಂಬೂರಿಯಂಥ ವಾದ್ಯ ನುಡಿಸುತ್ತಿದ್ದಾರೆ. ಪುಟ ಚೆನ್ನಾಗಿಯೇ ಕಾಣಿಸಿತು.

ಮಾರನೇ ದಿನ ಮಧ್ಯಾಹ್ನ ಒಂದು ಫೋನ್ ಬಂತು. ಮಂಗಳೂರು ಕಡೆಯವರು, ಹಡಗಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. 'ನಿಮ್ಮ ಫೋಟೊದಲ್ಲಿರೋರು ಅಲವಿಗಳಲ್ಲ ಮಾರಾಯ್ರೇ, ಅವರು ಟರ್ಕಿಯ ಅಲೆವಿಗಳು. ಆ ವಾದ್ಯ ಸಾಜ್' ಅಂದರು. ಟರ್ಕಿಯ ಇಸ್ಕೆಂದರೂನ್ ಬಂದರಿಗೆ ಎಷ್ಟೋ ಸಲ ಹೋಗಿದ್ದರಂತೆ. ಆ ಹತಾಯ್ ಪ್ರಾಂತ್ಯದಲ್ಲಿ ಅರಬ್ಬಿ ಮಾತಾಡುವ ಅಲವಿಗಳೂ ಇದ್ದಾರೆ. ಅಲೆವಿಗಳು ಬೇರೆಯೇ ಜನ. ಟರ್ಕಿ, ಕುರ್ದಿ ಮಾತಾಡುವವರು, ಸೂಫಿ ಸಂತ ಹಾಜಿ ಬೆಕ್ತಾಶ್ ಪರಂಪರೆಯನ್ನು ಗೌರವಿಸುವವರು. ಇಬ್ಬರಿಗೂ ಅಲಿ ಎಂದರೆ ಪ್ರಾಣ, ಹೆಸರೂ ಅಲಿಯಿಂದಲೇ ಬಂದದ್ದು. ಆದರೆ ಬೆಳೆದ ದಾರಿ ಬೇರೆ. ಮೊರಾಕ್ಕೊದ ರಾಜಮನೆತನಕ್ಕೂ ಅಲವಿ ಅಂತಲೇ ಹೆಸರು. ನಮ್ಮ ವಡೋದರಾದಲ್ಲಿ ಅಲವಿ ಬೋಹ್ರಾಗಳಿದ್ದಾರೆ. ಇವರ್ಯಾರಿಗೂ ಸಿರಿಯಾದ ಅಲವಿಗಳ ಜೊತೆ ಸಂಬಂಧವಿಲ್ಲ. ಕನ್ನಡದಲ್ಲಿ ಅಲವಿ, ಅಲೆವಿ ಎಂದು ಬರೆದರೆ ಒಂದು ಏತ್ವದ ವ್ಯತ್ಯಾಸ, ಅಷ್ಟೇ. ಅದರಲ್ಲೇ ನಾನು ಎಡವಿದ್ದೆ. ಬುಧವಾರ ಒಳಪುಟದಲ್ಲಿ ಎರಡು ಸಾಲಿನ ತಿದ್ದುಪಡಿ ಹಾಕಿದೆವು.

ಫೋಟೊ ತಪ್ಪಿದ ಮೇಲೆ ಬರೆದ ಮೂರು ವಾಕ್ಯಗಳ ಮೇಲೂ ಅನುಮಾನ ಶುರುವಾಯಿತು. ಶೇಕಡಾ ಲೆಕ್ಕ ಅಂದಾಜು ಮಾತ್ರ. ಸಿರಿಯಾದಲ್ಲಿ ಜನಗಣತಿಯವರು ಪಂಥದ ಲೆಕ್ಕ ತೆಗೆದು ದಶಕಗಳೇ ಆಗಿವೆ. ಅದಕ್ಕೆ 'ಅಂದಾಜು' ಸೇರಿಸಿದರೆ ಮುಗಿಯಿತು. ಉಳಿದೆರಡು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ.

ಬಾಕ್ಸನ್ನು ಮತ್ತೆ ಬರೆಯುವ ಅವಕಾಶ ಆ ತಿಂಗಳೇ ಬಂತು. ಅಲೆಪ್ಪೊದಲ್ಲಿ ಒಂದು ದರ್ಗಾದ ಮೇಲೆ ದಾಳಿಯಾದ ವಿಡಿಯೊ ಹರಿದಾಡಿ, ಡಿಸೆಂಬರ್ 25ರಂದು ಲಟಾಕಿಯಾ, ತಾರ್ತೂಸ್, ಹೋಮ್ಸ್ ಕಡೆ ಅಲವಿಗಳು ಬೀದಿಗಿಳಿದರು. ವಿಡಿಯೊ ಹಳೆಯದು ಅಂತ ಹೊಸ ಸರ್ಕಾರ ಹೇಳಿತು. ಕಾಪಿಯಲ್ಲಿ 'ಅಲವೈಟ್ ಧಾರ್ಮಿಕ ಮುಖಂಡನ ಸಮಾಧಿ' ಅಂತಷ್ಟೇ ಇತ್ತು. ಯಾರಪ್ಪಾ ಇವನು ಅಂತ ಹುಡುಕಿದೆ. ಹುಸೇನ್ ಇಬ್ನ್ ಹಮ್ದಾನ್ ಅಲ್ ಖಸೀಬಿ. 10ನೇ ಶತಮಾನದವನು! ಸಾವಿರ ವರ್ಷದ ಹಿಂದೆ ತೀರಿಕೊಂಡವನ ಸಮಾಧಿಗೆ ಬೆಂಕಿ ಬಿದ್ದರೆ ಊರೂರೇ ಬೀದಿಗೆ ಬರುತ್ತದೆ ಅಂದರೆ ಅವನು ಸಾಮಾನ್ಯನಲ್ಲ, ಅಲ್ವಾ?

ಅಲ್ಲಿಂದ ಹಿಂದಕ್ಕೆ ಓದುತ್ತಾ ಹೋದೆ. ಶಿಯಾಗಳಲ್ಲಿ ದೊಡ್ಡ ಗುಂಪು ಹನ್ನೆರಡು ಇಮಾಮರನ್ನು, ಅಂದರೆ ಪ್ರವಾದಿಯ ಮನೆತನದ ಧರ್ಮನಾಯಕರನ್ನು, ನಂಬುವವರದು. ಅಲವಿಗಳೂ ಅದೇ ಹನ್ನೆರಡು ಜನರನ್ನು ಒಪ್ಪುತ್ತಾರೆ. 874ರಲ್ಲಿ ಹನ್ನೊಂದನೇ ಇಮಾಮ್ ಹಸನ್ ಅಲ್ ಅಸ್ಕರಿ ತೀರಿಕೊಂಡರು. ಹನ್ನೆರಡನೆಯವರು ಕಣ್ಣಿಗೆ ಕಾಣದಾದರು. ಹಾಗಾದರೆ ಇಮಾಮರಿಗೂ ಜನಕ್ಕೂ ನಡುವೆ ಬಾಗಿಲು ಯಾರು? ಜಗಳ ಹುಟ್ಟಿದ್ದು ಇಲ್ಲಿ. ಇರಾಕಿನ ಮುಹಮ್ಮದ್ ಇಬ್ನ್ ನುಸೈರ್ ಎಂಬವನೇ ಬಾಗಿಲು ಅಂತ ಒಂದು ಗುಂಪು ಹೇಳಿತು. ಉಳಿದ ಶಿಯಾಗಳು ಅವನನ್ನು ಹತ್ತಿರ ಸೇರಿಸಲಿಲ್ಲ. ನುಸೈರನ ಹಿಂದೆ ಹೋದವರಿಗೆ ನುಸೈರಿಗಳು ಅಂತ ಹೆಸರು ಬಿತ್ತು. ಚದುರಿದ್ದ ಆ ಗುಂಪಿಗೆ ಒಂದು ರೂಪ ಕೊಟ್ಟವನು ಈ ಖಸೀಬಿ. ಆಮೇಲೆ ಅವರ ನೆಲೆ ಲಟಾಕಿಯಾ ಹಿಂದಿನ ಬೆಟ್ಟಗಳಿಗೆ ಸರಿಯಿತು.

ಹಾಗಾಗಿ 'ಶಿಯಾ ಕವಲು' ಅನ್ನುವುದು ಪೂರ್ತಿ ಸುಳ್ಳಲ್ಲ. ಬೇರು ಅಲ್ಲೇ ಇದೆ. ಆದರೆ ಆ ಮರದವರೇ ಸಾವಿರ ವರ್ಷ 'ಇದು ನಮ್ಮ ಕೊಂಬೆಯಲ್ಲ' ಅಂದಿದ್ದನ್ನು ಹೇಳದೆ ಬಿಟ್ಟರೆ ಓದುಗರಿಗೆ ಅರ್ಧ ಕಥೆ ಕೊಟ್ಟ ಹಾಗೆ.

'ಅಲಿಯನ್ನು ಪೂಜಿಸುತ್ತಾರೆ' ಎಂಬ ಸಾಲು ಇನ್ನೂ ಕಷ್ಟ ಕೊಟ್ಟಿತು. ಅವರ ಗ್ರಂಥಗಳಲ್ಲಿ ದೈವ ತೋರಿಕೊಳ್ಳುವುದಕ್ಕೆ ಮೂರು ಪದಗಳಿವೆ. ಮಅನಾ, ಇಸ್ಮ್, ಬಾಬ್. ಕನ್ನಡದಲ್ಲಿ ಸಲೀಸಾಗಿ ಹೇಳಬಹುದು. ಅರ್ಥ, ಹೆಸರು, ಬಾಗಿಲು. ಅಲಿ ಅರ್ಥ, ಪ್ರವಾದಿ ಮುಹಮ್ಮದ್ ಹೆಸರು, ಪ್ರವಾದಿಯ ಒಡನಾಡಿ, ಪರ್ಷಿಯಾದ ಸಲ್ಮಾನ್ ಬಾಗಿಲು. ಇದು ಒಂದೇ ಸಲ ಆದದ್ದಲ್ಲ, ಏಳು ಸಲ ಆಗಿದೆ ಎನ್ನುತ್ತಾರೆ. ಮೂಸಾ, ಅಂದರೆ ಬೈಬಲಿನ ಮೋಶೆ, ಹೆಸರಾದಾಗ ಅವನ ಉತ್ತರಾಧಿಕಾರಿ ಯೂಷಾ ಅರ್ಥ. ಯೇಸು ಹೆಸರಾದಾಗ ಶಿಷ್ಯ ಪೇತ್ರ ಅರ್ಥ. ಲೋಕಕ್ಕೆ ಎದ್ದು ಕಾಣುವವನು ಹೆಸರು. ಅವನ ಪಕ್ಕದಲ್ಲಿ ತಣ್ಣಗೆ ನಿಂತವನು ಅರ್ಥ. ಇದನ್ನು ಓದಿದ ರಾತ್ರಿ ನನ್ನ 'ಪೂಜಿಸುತ್ತಾರೆ' ತೀರಾ ಒರಟಾಗಿ ಕಂಡಿತು. ಹೊಡೆದು ಹಾಕಿದೆ.

ಮರುಹುಟ್ಟಿನ ವಿಷಯವೂ ಹೀಗೇ. ಆತ್ಮಗಳು ಮೊದಲು ಬೆಳಕಾಗಿದ್ದವು, ತಪ್ಪು ಮಾಡಿ ಕೆಳಗೆ ಬಿದ್ದವು, ದೇಹದಿಂದ ದೇಹಕ್ಕೆ ಹೋಗಿ ಶುದ್ಧವಾದರೆ ಮತ್ತೆ ನಕ್ಷತ್ರಗಳ ನಡುವೆ ಸೇರುತ್ತವೆ ಎಂಬುದು ಅವರ ನಂಬಿಕೆ. ಅವರು ದೇಹಕ್ಕೆ ಬಳಸುವ ಮಾತು ಅಂಗಿ. ಅರಬ್ಬಿಯಲ್ಲಿ ಕಮೀಸ್, ನಮ್ಮ ಚೂಡಿದಾರದ ಜೊತೆ ಬರುವ ಕಮೀಜು ಅದೇ ಪದ. ಒಂದು ಅಂಗಿ ಬಿಚ್ಚಿ ಇನ್ನೊಂದು ತೊಡುವುದು. ಇದನ್ನು ಬರೆದಾಗ ಡೆಸ್ಕಿನ ಕಿರಿಯ ಹುಡುಗ 'ಸಾರ್, ಇದು ನಮ್ಮ ಗೀತೆದೇ ಅಲ್ವಾ, ಹಾಗಂತ ಹೆಡ್ಡಿಂಗ್ ಕೊಡೋಣ' ಅಂದ. ಬೇಡಪ್ಪ ಅಂದೆ. ಹೋಲಿಕೆ ಇದ್ದ ಮಾತ್ರಕ್ಕೆ ಇಲ್ಲಿಂದಲೇ ಹೋಯಿತು ಅನ್ನಲಾಗದು. ಅಂಥ ಹೆಡ್ಡಿಂಗ್ ಕೊಟ್ಟರೆ ವಾಟ್ಸಾಪ್‌ನಲ್ಲಿ ಅದೊಂದೇ ಓಡಾಡುತ್ತದೆ.

ಇನ್ನೊಂದು ತೊಡಕಿದೆ. ಈ ವಿದ್ಯೆ ಎಲ್ಲ ಅಲವಿಗಳಿಗೂ ಗೊತ್ತಿರುವುದಿಲ್ಲ. ದೀಕ್ಷೆ ಗಂಡಸರಿಗೆ ಮಾತ್ರ, ಅದೂ ಗುಟ್ಟಾಗಿ, ಹಿರಿಯರೊಬ್ಬರ ಕೈಕೆಳಗೆ. ಹೆಂಗಸರಿಗೆ ಇಲ್ಲ. ಸಾಮಾನ್ಯ ಜನರ ಧರ್ಮ ಅಂದರೆ ಬೆಟ್ಟದ ಮೇಲಿನ ಬಿಳಿ ಗುಮ್ಮಟದ ದರ್ಗಾಗಳು, ಹರಕೆ, ಹಬ್ಬ. ಶಿಯಾಗಳ ಈದ್ ಅಲ್ ಗದೀರ್ ಇದೆ, ಪರ್ಷಿಯಾದ ಹೊಸ ವರ್ಷ ನೌರೋಜ್ ಇದೆ, ಕ್ರಿಸ್‌ಮಸ್ ಕೂಡ ಇದೆ. ಗುಟ್ಟಿನ ಗ್ರಂಥಗಳಲ್ಲಿ ಇದ್ದದ್ದನ್ನೆಲ್ಲ 'ಇವರ ನಂಬಿಕೆ' ಅಂತ ಬರೆದರೆ ಲಟಾಕಿಯಾದ ಅಂಗಡಿಯವನಿಗೇ ಅದು ಹೊಸ ಸುದ್ದಿಯಾಗಬಹುದು.

ಗುಟ್ಟು ಹೊರಗೆ ಬಂದದ್ದು ಹೇಗೆ ಎಂಬುದನ್ನೂ ನೋಡಬೇಕು. 1860ರ ದಶಕದಲ್ಲಿ ಸುಲೈಮಾನ್ ಅಲ್ ಅದನಿ ಎಂಬವನು ಪಂಥ ಬಿಟ್ಟು, ಹಲವು ಧರ್ಮ ಸುತ್ತಿ, ಕೊನೆಗೆ ಪ್ರಾಟೆಸ್ಟೆಂಟ್ ಆಗಿ, ಬೈರೂತಿನಲ್ಲಿ ಪುಸ್ತಕ ಅಚ್ಚುಹಾಕಿಸಿ ಎಲ್ಲ ಹೇಳಿಬಿಟ್ಟ. ಆಮೇಲೆ ಅವನನ್ನು ಕೊಂದರು. ಯುರೋಪಿನ ವಿದ್ವಾಂಸರು ಬಹಳ ಕಾಲ ಅವನನ್ನೇ ನೆಚ್ಚಿಕೊಂಡಿದ್ದರು. ಸಿಟ್ಟು ಮಾಡಿಕೊಂಡು ಮನೆ ಬಿಟ್ಟವನ ಬಾಯಲ್ಲಿ ಮನೆಯ ಕಥೆ ಕೇಳಿದಂತೆ.

ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಅಲವಿಗಳು ಮುಸ್ಲಿಮರು, ಅಲ್ಲ, ಶಿಯಾ, ಅಲ್ಲ ಎಂಬ ಪ್ರತಿಯೊಂದು ಮಾತಿನ ಪಕ್ಕದಲ್ಲೂ ಯಾರು ಹೇಳಿದರು, ಯಾವ ವರ್ಷ ಅಂತ ಪೆನ್ಸಿಲಿನಲ್ಲಿ ಬರೆಯುವುದು.

ಪಟ್ಟಿ ಬೆಳೆಯುತ್ತಾ ಹೋಯಿತು. 14ನೇ ಶತಮಾನದಲ್ಲಿ ಡಮಾಸ್ಕಸ್‌ನ ಸುನ್ನಿ ಪಂಡಿತ ಇಬ್ನ್ ತೈಮಿಯ್ಯಾ, ಇವರು ಯಹೂದಿ, ಕ್ರೈಸ್ತರಿಗಿಂತ ದೊಡ್ಡ ಕಾಫಿರರು ಅಂತ ಫತ್ವಾ ಕೊಟ್ಟ. ಅದೇ ಕಾಲದಲ್ಲಿ ಆ ಕರಾವಳಿಯಲ್ಲಿ ಹಾದುಹೋದವನು ಯಾತ್ರಿಕ ಇಬ್ನ್ ಬತೂತಾ, ಮುಂದೆ ನಮ್ಮ ಹೊನ್ನಾವರ, ಮಂಗಳೂರಿಗೂ ಬಂದನಲ್ಲ, ಅವನೇ. ಅವನು ಬರೆದಿಟ್ಟ ಕಥೆ ಇದು: ಹಿಂದಿನ ಸುಲ್ತಾನ ಬೈಬರ್ಸ್ ಹಳ್ಳಿಗೊಂದು ಮಸೀದಿ ಕಟ್ಟಿ ಅಂತ ಇವರಿಗೆ ಕಟ್ಟಪ್ಪಣೆ ಮಾಡಿದ್ದನಂತೆ. ಕಟ್ಟಿದರು, ಮನೆಗಳಿಂದ ದೂರದಲ್ಲಿ. ಒಳಗೆ ದನ ಕಟ್ಟಿದರು. ಯಾರಾದರೂ ಪರವೂರಿನವನು ಬಂದು ಅಜಾನ್ ಕೂಗಿದರೆ 'ಅರಚಬೇಡ, ನಿನ್ನ ಮೇವು ಬರುತ್ತೆ' ಅನ್ನುತ್ತಾರಂತೆ. ಓದಿ ಜೋರಾಗಿ ನಕ್ಕುಬಿಟ್ಟೆ. ಆಮೇಲೆ ನೆನಪಾಯಿತು, ಇದನ್ನು ಬರೆದವನೂ ಒಬ್ಬ ಸುನ್ನಿ ಪಂಡಿತ. ಪೆನ್ಸಿಲ್ ತೆಗೆದುಕೊಂಡೆ.

ಅಲವಿ ಎಂಬ ಹೆಸರು ಚಾಲ್ತಿಗೆ ಬಂದದ್ದು ಫ್ರೆಂಚರು ಸಿರಿಯಾ ಆಳಲು ಬಂದ ಮೇಲೆ. 1920ರಲ್ಲಿ ಅವರು ಕರಾವಳಿಯನ್ನು ಅಲವಿಗಳ ಪ್ರದೇಶ ಅಂತ ಬೇರೆ ಮಾಡಿದರು, ಲಟಾಕಿಯಾ ರಾಜಧಾನಿ. ನುಸೈರಿ ಅಂದರೆ ಯಾರೋ ಒಬ್ಬನ ಹಿಂಬಾಲಕರು. ಅಲವಿ ಅಂದರೆ ಅಲಿಯವರು, ಇಸ್ಲಾಮಿನ ಒಳಗಿನವರು. ಹೆಸರು ಬದಲಾದರೆ ಜಾಗವೂ ಬದಲಾಗುತ್ತದೆ. ಈಗಲೂ ಸಿರಿಯಾದಲ್ಲಿ ಯಾರಾದರೂ ನುಸೈರಿ ಅಂದರೆ ಬಹುಮಟ್ಟಿಗೆ ಅದು ಬೈಗುಳವೇ.

1936ರಲ್ಲಿ ಈ ಕರಾವಳಿಯನ್ನು ಸಿರಿಯಾಕ್ಕೆ ಸೇರಿಸುವ ಮಾತುಕತೆ ನಡೆದಿತ್ತು. ಆಗಲೇ ಜೆರುಸಲೇಮಿನ ಮುಫ್ತಿ ಅಮೀನ್ ಅಲ್ ಹುಸೈನಿ ಇವರು ಮುಸ್ಲಿಮರೇ ಅಂತ ಫತ್ವಾ ಕೊಟ್ಟರು. ಇನ್ನು 1973. ಬಷರ್‌ನ ಅಪ್ಪ ಹಫೀಜ್ ಅಲ್ ಅಸಾದ್ ಅಧಿಕಾರ ಹಿಡಿದಾಗಿದೆ. ಹೊಸ ಸಂವಿಧಾನದ ಕರಡಿನಲ್ಲಿ ಅಧ್ಯಕ್ಷ ಮುಸ್ಲಿಮನಾಗಿರಬೇಕು ಎಂಬ ಮಾತು ಬಿಟ್ಟುಹೋಗಿತ್ತು. ಗಲಭೆಯಾಯಿತು. ಆ ಮಾತನ್ನು ವಾಪಸ್ ಸೇರಿಸಿದರು. ಈಗ ಅಸಾದ್ ಮುಸ್ಲಿಮನಾ ಎಂಬ ಪ್ರಶ್ನೆ ಎದುರಿಗೆ ಬಂತು. ಅದೇ ವರ್ಷ ಲೆಬನಾನಿನ ಶಿಯಾ ನಾಯಕ ಮೂಸಾ ಅಲ್ ಸದ್ರ್ ಅಲವಿಗಳು ಶಿಯಾ ಸಮುದಾಯದವರೇ ಅಂದರು. ಏಜೆನ್ಸಿ ಕಾಪಿಯಲ್ಲಿ ನಾನು ಸುಮ್ನೆ ಎತ್ತಿಕೊಂಡ ಸಾಲಿನ ಹಿಂದೆ ಇಷ್ಟೆಲ್ಲ ಇತ್ತು. 2016ರಲ್ಲಿ ಕೆಲವು ಅಲವಿ ಮುಖಂಡರು ಒಂದು ಹೇಳಿಕೆ ಹೊರಡಿಸಿ ನಾವು ಶಿಯಾ ಕವಲಲ್ಲ, ಇಸ್ಲಾಮಿನ ಒಳಗೇ ಮೂರನೆಯ ಬಗೆ ಅಂದರು. ಅಂದರೆ ನನ್ನ ಬಾಕ್ಸನ್ನು ಅವರೇ ಮೊದಲೇ ತಿದ್ದಿ ಇಟ್ಟಿದ್ದರು.

ಅಸಾದರ ಕಾಲದ ಸೈನ್ಯದಲ್ಲಿ ಅಲವಿಗಳು ಯಾಕಷ್ಟು ಜಾಸ್ತಿ ಇದ್ದರು ಅಂತಲೂ ಓದುಗರು ಕೇಳುತ್ತಾರೆ. ಉತ್ತರ ಬಡತನ. ಬೆಟ್ಟದಲ್ಲಿ ತಂಬಾಕು ಬೆಳೆದು ಹೊಟ್ಟೆ ತುಂಬುತ್ತಿರಲಿಲ್ಲ. ಹೆಣ್ಣುಮಕ್ಕಳನ್ನು ಪಟ್ಟಣದ ಮನೆಗಳಿಗೆ ಕೆಲಸಕ್ಕೆ ಕಳಿಸುತ್ತಿದ್ದರು. ಗಂಡುಮಕ್ಕಳಿಗೆ ಫ್ರೆಂಚರ ಪಡೆ, ಆಮೇಲೆ ಹೋಮ್ಸ್‌ನ ಸೈನಿಕ ಶಾಲೆ. ಪಟ್ಟಣದ ಸಿರಿವಂತ ಸುನ್ನಿ ಮನೆಗಳವರು ದುಡ್ಡು ಕಟ್ಟಿ ಸೈನ್ಯದಿಂದ ತಪ್ಪಿಸಿಕೊಳ್ಳುತ್ತಿದ್ದರು. ಹಾಗಂತ 'ಅಲವಿ ಸರ್ಕಾರ' ಅಂತ ಶೀರ್ಷಿಕೆ ಕೊಡುವುದನ್ನು ನಾನು ಬಿಟ್ಟಿದ್ದೇನೆ. ಅಸಾದರ ಊರು ಕರ್ದಾಹಾದವರೇ, ಅಲವಿಯೇ ಆದ ವಿರೋಧಿ ನಾಯಕ ಡಾ. ಅಬ್ದುಲ್ ಅಜೀಜ್ ಅಲ್ ಖೈಯ್ಯರ್ 1992ರಿಂದ 2005ರವರೆಗೆ ಅದೇ ಸರ್ಕಾರದ ಜೈಲಿನಲ್ಲಿದ್ದರು. 2012ರಲ್ಲಿ ಡಮಾಸ್ಕಸ್ ವಿಮಾನ ನಿಲ್ದಾಣದಿಂದ ಬರುವಾಗ ಕಾಣೆಯಾದರು.

ಮೂರನೇ ಸಲ ಬಾಕ್ಸ್ ಬರೆದದ್ದು 2025ರ ಮಾರ್ಚ್‌ನಲ್ಲಿ. 6ನೇ ತಾರೀಕು ಅಸಾದ್ ಪರ ಬಂದೂಕುಧಾರಿಗಳು ಭದ್ರತಾ ಪಡೆಗಳ ಮೇಲೆ ಬಿದ್ದರು. ಅದಾದ ಮೇಲೆ ಕರಾವಳಿಯ ಊರುಗಳಲ್ಲಿ ಅಲವಿಗಳ ಕಗ್ಗೊಲೆ ನಡೆಯಿತು. ಸತ್ತವರು ಸುಮಾರು 1,400 ಜನ, ಹೆಚ್ಚಿನವರು ನಾಗರಿಕರು ಎಂದು ವಿಶ್ವಸಂಸ್ಥೆಯ ತನಿಖಾ ಆಯೋಗ ಆಮೇಲೆ ಹೇಳಿತು. ಬಾಗಿಲು ಬಡಿದು 'ನೀವು ಅಲವಿಗಳಾ, ಸುನ್ನಿಗಳಾ' ಅಂತ ಕೇಳಿದರೆಂದು ಬದುಕುಳಿದವರು ಹೇಳಿದ್ದರು. ಆ ಕಾಪಿ ತರ್ಜುಮೆ ಮಾಡುವಾಗ ಕೈ ನಿಂತಿತು. ಅರ್ಥ, ಹೆಸರು, ಬಾಗಿಲು ಯಾವುದೂ ಗೊತ್ತಿರದ ಹೆಂಗಸರಿಗೂ ಅದೇ ಪ್ರಶ್ನೆ, ಉತ್ತರಕ್ಕೆ ಅದೇ ಶಿಕ್ಷೆ. ಅವತ್ತಿನ ಬಾಕ್ಸಿನಲ್ಲಿ ಮತತತ್ವಕ್ಕೆ ಒಂದೇ ಸಾಲು ಇಟ್ಟೆ. ಉಳಿದದ್ದು ಊರುಗಳ ಹೆಸರು, ತಾರೀಕು, ಯಾರು ಏನು ಹೇಳಿದರು ಎಂಬುದು.

ನಮ್ಮ ಡೆಸ್ಕಿನಲ್ಲಿ ವಿದೇಶಿ ಹೆಸರುಗಳಿಗೆ ಒಂದು ಹಳೆಯ ನೋಟ್‌ಬುಕ್ ಇದೆ. ಏಪ್ರಿಲ್‌ನಲ್ಲಿ ಅದರಲ್ಲಿ 'ಅ' ಪುಟಕ್ಕೆ ಇದನ್ನು ಸೇರಿಸಿದೆ:

'ಅಲವಿ. ಅಲವೈಟ್, ಅಲಾವಿಟ್ ಬೇಡ. ನುಸೈರಿ ಎಂದು ಬರೆಯಬೇಡಿ, ಹಳೆಯ ಕಾಲದ ಮಾತಾದರೆ ಮಾತ್ರ. 9ನೇ ಶತಮಾನದಲ್ಲಿ ಇರಾಕಿನ ಶಿಯಾಗಳ ನಡುವೆ ಹುಟ್ಟಿ ಸಿರಿಯಾ ಕರಾವಳಿಯಲ್ಲಿ ಬೆಳೆದ ಸಮುದಾಯ. ತಮ್ಮನ್ನು ಮುಸ್ಲಿಮರೆಂದೇ ಹೇಳಿಕೊಳ್ಳುತ್ತಾರೆ. ಶಿಯಾ ಎಂದು ಬರೆಯುವುದಾದರೆ ಯಾರ ಮಾತು ಎಂದು ಸೇರಿಸಿ. ಟರ್ಕಿಯ ಅಲೆವಿ ಬೇರೆ. ತಂಬೂರಿ ಇರುವ ಫೋಟೊ ಹಾಕಬೇಡಿ.'